ಸ್ಟೆಮ್ ಸೆಲ್ ಎಲುಬಾಗುವಾಗ ಮೈಕ್ರೋಆರ್‌ಎನ್‌ಎ ಏನು ಮಾಡುತ್ತದೆ?

ಪ್ರಶ್ನೆ: ಬೆಳಗಾವಿಯಲ್ಲಿ ಎಂ.ಎಸ್ಸಿ. ಬಯೋಟೆಕ್ನಾಲಜಿ ಓದುತ್ತಿದ್ದೇನೆ. ಮನುಷ್ಯರ ಅಸ್ಥಿಮಜ್ಜೆಯ ಸ್ಟೆಮ್ ಸೆಲ್‌ಗಳಿಗೆ ಮಿರ್-204 ಎಂಬ ಮೈಕ್ರೋಆರ್‌ಎನ್‌ಎಯನ್ನು (ಪ್ರೋಟೀನ್ ತಯಾರಿ ತಗ್ಗಿಸುವ ಸಣ್ಣ ಆರ್‌ಎನ್‌ಎ ತುಣುಕು) ತಡೆಯುವ ಇನ್‌ಹಿಬಿಟರ್ ಒಮ್ಮೆ ಕೊಟ್ಟೆ. 3ನೇ ದಿನ, ಎಲುಬಾಗಲು ಬೇಕಾದ ರಂಕ್ಸ್2 ಎಂಬ ಜೀನಿನ ಮಟ್ಟ ಏರಿತು. ಆದರೆ 21ನೇ ದಿನ, ಕೂತ ಖನಿಜವನ್ನು ಕೆಂಪಾಗಿ ತೋರಿಸುವ ಅಲಿಜರಿನ್ ರೆಡ್ ಬಣ್ಣ ಹಾಕಿ ನೋಡಿದರೆ ಕಂಟ್ರೋಲ್‌ಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಎಲ್ಲಿ ತಪ್ಪಿದೆ ಸರ್?

ಉತ್ತರ: ಮೊದಲು ತಟ್ಟೆಯನ್ನು ಇನ್ನೊಮ್ಮೆ ನೋಡಿ. ಎರಡೂ ಕಡೆ ಗಾಢ ಕೆಂಪೋ, ಎರಡೂ ಕಡೆ ಪೇಲವವೋ? ಉತ್ತರ ಇದರ ಮೇಲೆ ನಿಂತಿದೆ.

ಎರಡೂ ಗಾಢವಾಗಿದ್ದರೆ ನೀವು ತಡವಾಗಿ ನೋಡಿದ್ದೀರಿ. ಡೆಕ್ಸಾಮೆಥಾಸೋನ್ 100 ನ್ಯಾನೋಮೋಲಾರ್, ವಿಟಮಿನ್ ಸಿ ಮಿ.ಲೀ.ಗೆ 50 ಮೈಕ್ರೋಗ್ರಾಂ, ಬೀಟಾ-ಗ್ಲಿಸರೋಫಾಸ್ಫೇಟ್ 10 ಮಿಲಿಮೋಲಾರ್ ಇರುವ ಮೀಡಿಯಂ (ಸೆಲ್ ಬೆಳೆಸುವ ದ್ರಾವಣ) ತಾನೇ ಬಲವಾದ ಪ್ರಚೋದಕ. ಮೂರು ವಾರದಲ್ಲಿ ಕಂಟ್ರೋಲ್ ಸೆಲ್‌ಗಳೂ ಗುರಿ ಮುಟ್ಟಿಬಿಡುತ್ತವೆ, ಮೈಕ್ರೋಆರ್‌ಎನ್‌ಎ ತಂದ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುತ್ತದೆ. 7ನೇ ದಿನ ಎಲುಬಾಗುವುದರ ಆರಂಭದ ಗುರುತಾದ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ, 10 ಮತ್ತು 14ನೇ ದಿನ ಅಲಿಜರಿನ್ ನೋಡಿ. ಗ್ಲಿಸರೋಫಾಸ್ಫೇಟ್ 10 ಮಿಲಿಮೋಲಾರ್ ದಾಟಿದರೆ ಸೆಲ್‌ಗಳ ಕೆಲಸವಿಲ್ಲದೆಯೇ ಕ್ಯಾಲ್ಸಿಯಂ ಫಾಸ್ಫೇಟ್ ಕೂರಬಹುದು. ತಟ್ಟೆಯಲ್ಲಿ ಸೆಲ್ ಹಾಕದ ಒಂದು ಗುಂಡಿಯನ್ನೂ (ವೆಲ್) ಜೊತೆಗಿಡಿ, ಅದು ಕೆಂಪಾದರೆ ಉಳಿದ ಫಲಿತಾಂಶವನ್ನು ನಂಬಬೇಡಿ.

ಎರಡೂ ಪೇಲವವಾಗಿದ್ದರೆ ವಿಟಮಿನ್ ಸಿ ಮೇಲೆ ಅನುಮಾನಪಡಿ. ಸಾಮಾನ್ಯ ಆಸ್ಕಾರ್ಬಿಕ್ ಆಮ್ಲ 37 ಡಿಗ್ರಿಯಲ್ಲಿ ಬೇಗ ಕೆಡುತ್ತದೆ. ಸ್ಥಿರವಾದ ಆಸ್ಕಾರ್ಬೇಟ್-2-ಫಾಸ್ಫೇಟ್ ಬಳಸಿ, ಮೂರು ದಿನಕ್ಕೊಮ್ಮೆ ಮೀಡಿಯಂ ಬದಲಿಸಿ. 5ನೇ ಪ್ಯಾಸೇಜ್ (ಹೊಸ ತಟ್ಟೆಗೆ ವರ್ಗಾಯಿಸಿದ ಸುತ್ತು) ದಾಟಿದ ಸೆಲ್‌ಗಳನ್ನು ಈ ಕೆಲಸಕ್ಕೆ ಇಳಿಸದಿರುವುದು ಒಳ್ಳೆಯದು.

ಇನ್ನು ಇನ್‌ಹಿಬಿಟರ್. ನೀವು ಹಾಕಿದ ತುಣುಕು ತನ್ನನ್ನು ತಾನು ನಕಲು ಮಾಡಿಕೊಳ್ಳುವುದಿಲ್ಲ. ಸೆಲ್ ಎರಡಾಗಿ ಒಡೆದಂತೆಲ್ಲ ಪಾಲು ಅರ್ಧರ್ಧವಾಗಿ, ಸುಮಾರು ಒಂದು ವಾರದಲ್ಲಿ ಪರಿಣಾಮ ಇಳಿಯುತ್ತದೆ. ಖನಿಜ ಕೂರತೊಡಗುವುದು ಎರಡನೇ ವಾರದಲ್ಲಿ. ಹೀಗಾಗಿ 3ನೇ ದಿನದ ಏರಿಕೆ ನಿಜವೇ ಇರಬಹುದು, ಕೊನೆಯವರೆಗೆ ಉಳಿದಿಲ್ಲ ಅಷ್ಟೆ. ಪ್ರತಿ ಚದರ ಸೆಂ.ಮೀ.ಗೆ 10ರಿಂದ 20 ಸಾವಿರ ಸೆಲ್ ಬಿತ್ತಿ, ತಟ್ಟೆ ಮುಕ್ಕಾಲು ತುಂಬಿದಾಗ 50 ನ್ಯಾನೋಮೋಲಾರ್ ಇನ್‌ಹಿಬಿಟರ್ ಕೊಡಿ, 24 ಗಂಟೆ ಬಿಟ್ಟು ಎಲುಬಿನ ಮೀಡಿಯಂಗೆ ಬದಲಿಸಿ. 5ನೇ ದಿನ ಮತ್ತೊಮ್ಮೆ ಕೊಡಿ. ಎರಡನೇ ವಾರದ ನಂತರ ಮುಂದುವರಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ: ರಂಕ್ಸ್2 ಮೊದಲ ಹಂತದಲ್ಲಿ ಬೇಕೇ ಬೇಕು, ಆದರೆ ಕೊನೆಯವರೆಗೂ ಹೆಚ್ಚೇ ಇದ್ದರೆ ಎಲುಬಿನ ಸೆಲ್ ಬಲಿಯದೆ ನಿಂತುಬಿಡುತ್ತದೆ.

ಅಳತೆಯಲ್ಲೂ ಎಡವುವವರಿದ್ದಾರೆ. ಇನ್‌ಹಿಬಿಟರ್ ಮಿರ್-204ನ್ನು ಕಟ್ಟಿಹಾಕುತ್ತದೆ, ಎಲ್ಲ ಸಲವೂ ನಾಶ ಮಾಡುವುದಿಲ್ಲ. ಆದ್ದರಿಂದ ಪಿಸಿಆರ್‌ನಲ್ಲಿ ಅದರ ಪ್ರಮಾಣವೊಂದನ್ನೇ ನೋಡಿದರೆ ಸಾಲದು, ವೆಸ್ಟರ್ನ್ ಬ್ಲಾಟ್‌ನಲ್ಲಿ ರಂಕ್ಸ್2 ಪ್ರೋಟೀನನ್ನು ನೋಡಿ. ಆರ್‌ಎನ್‌ಎ ತೆಗೆಯುವ ಸಾಮಾನ್ಯ ಕಾಲಮ್ ಕಿಟ್‌ಗಳಲ್ಲಿ ಸಣ್ಣ ಆರ್‌ಎನ್‌ಎ ತೊಳೆದುಹೋಗುತ್ತದೆ, ಅದನ್ನು ಹಿಡಿದಿಡುವ ಕಿಟ್ಟೇ ಬೇಕು.

ಇಷ್ಟೆಲ್ಲ ಎಚ್ಚರಿಕೆ ಏಕೆಂದರೆ ಮೈಕ್ರೋಆರ್‌ಎನ್‌ಎಯ ಕೈ ತೀರ ಹಗುರ. ಸುಮಾರು 22 ಅಕ್ಷರಗಳ ಈ ತುಣುಕು ಆರ್ಗೋನಾಟ್ ಪ್ರೋಟೀನಿನೊಳಗೆ ಕೂತು, ತನ್ನ 2ರಿಂದ 8ನೇ ಅಕ್ಷರಗಳಿಗೆ ಜೋಡಿಯಾಗುವ ಸಂದೇಶವಾಹಕ ಆರ್‌ಎನ್‌ಎಯ ತುದಿಭಾಗವನ್ನು ಹಿಡಿದು ಪ್ರೋಟೀನ್ ತಯಾರಿಯನ್ನು ತಗ್ಗಿಸುತ್ತದೆ. ಇದು ಸ್ವಿಚ್ ಅಲ್ಲ, ಫ್ಯಾನಿನ ರೆಗ್ಯುಲೇಟರ್. ಮಿರ್-204 ರಂಕ್ಸ್2ನ್ನು ತಗ್ಗಿಸಿ ಸೆಲ್ ಅನ್ನು ಕೊಬ್ಬಿನ ಕಡೆಗೆ ಎಳೆಯುತ್ತದೆ. ಮಿರ್-133 ಕೂಡ ರಂಕ್ಸ್2ರ ಮೇಲೆ, ಮಿರ್-135 ಎಲುಬಾಗುವ ಸೂಚನೆ ಸಾಗಿಸುವ ಸ್ಮ್ಯಾಡ್5 ಪ್ರೋಟೀನಿನ ಮೇಲೆ, ಮಿರ್-138 ಎಫ್‌ಎಕೆ ಎಂಬ ಕಿಣ್ವದ ಮೇಲೆ ತಡೆ ಹಾಕುತ್ತವೆ. ಒಂದನ್ನು ತೆಗೆದರೂ ಉಳಿದವು ಅಲ್ಲೇ ಇರುತ್ತವೆ. ಮಿರ್-29 ಮಾತ್ರ ಡಿಕೆಕೆ1ನಂಥ ತಡೆಗಳನ್ನೇ ತಗ್ಗಿಸಿ ಎಲುಬಿಗೆ ನೆರವಾಗುತ್ತದೆ. ಮಿರ್-26ಎ ಇನ್ನೂ ಸೋಜಿಗದ್ದು: ಅಸ್ಥಿಮಜ್ಜೆಯ ಸೆಲ್‌ನಲ್ಲಿ ಎಲುಬಿಗೆ ಅನುಕೂಲ, ಕೊಬ್ಬಿನಿಂದ ತೆಗೆದ ಸೆಲ್‌ನಲ್ಲಿ ಪ್ರತಿಕೂಲ. ಬೇರೆಯವರ ಫಲಿತಾಂಶದ ಜೊತೆ ಹೋಲಿಸುವ ಮೊದಲು ಸೆಲ್ ಎಲ್ಲಿಂದ ಬಂದದ್ದೆಂದು ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಅಪ್ಪಾರಿಗೆ 62 ವರ್ಷ. ಮೊಣಕಾಲ ಕೆಳಗಿನ ಎಲುಬು ಮುರಿದು ರಾಡ್ ಹಾಕಿ 9 ತಿಂಗಳಾಯ್ತು, ಕೂಡಿಲ್ಲ. ಮೈಕ್ರೋಆರ್‌ಎನ್‌ಎ ಸೇರಿಸಿದ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಿ ಎಂದು ಒಬ್ಬರು ಹೇಳುತ್ತಾರೆ. ಕೊಡಿಸಬಹುದೇ? (ವಿಜಯಪುರ)

ಉತ್ತರ: ದಯವಿಟ್ಟು ದುಡ್ಡು ಕಟ್ಟಬೇಡಿ. ಎಲುಬು ಕೂಡಿಸಲು ಒಪ್ಪಿಗೆ ಪಡೆದ ಮೈಕ್ರೋಆರ್‌ಎನ್‌ಎ ಔಷಧ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್)ಯ 2017ರ ಮಾರ್ಗಸೂಚಿಯ ಪ್ರಕಾರವೂ ಇಂಥ ಸ್ಟೆಮ್ ಸೆಲ್ ಬಳಕೆ ನೋಂದಾಯಿತ ಪ್ರಯೋಗದಲ್ಲಿ ಮಾತ್ರ ನಡೆಯಬೇಕು. ಹೇಳಿದವರಿಂದ ಸಿಟಿಆರ್‌ಐ (ದೇಶದ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ.

ಕೂಡದಿರುವುದಕ್ಕೆ ಕಾರಣ ಹುಡುಕುವುದು ಮುಖ್ಯ: ಒಳಗೆ ಸೋಂಕು, ಸಡಿಲವಾದ ರಾಡ್, ಸಕ್ಕರೆ ಕಾಯಿಲೆ, ವಿಟಮಿನ್ ಡಿ ಕೊರತೆ, ತಂಬಾಕು. ಸೋಂಕಿನ ಸುಳಿವು ಕೊಡುವ ಸಿಆರ್‌ಪಿ ಮತ್ತು ಇಎಸ್‌ಆರ್, ಸಕ್ಕರೆಯ ಹತೋಟಿ ತೋರಿಸುವ ಎಚ್‌ಬಿಎ1ಸಿ, ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ಹೊಸ ಎಕ್ಸ್‌ರೇ ಜೊತೆಗೆ ಹಳೆಯವನ್ನೆಲ್ಲ ತೆಗೆದುಕೊಂಡು ಎಲುಬು ತಜ್ಞರ ಹತ್ತಿರ ಹೋಗಿ. ಸೋಂಕಿಲ್ಲದಿದ್ದರೆ ದಪ್ಪ ರಾಡ್ ಬದಲಿಸುವುದು, ಅಗತ್ಯಬಿದ್ದರೆ ಟೊಂಕದ ಎಲುಬಿನಿಂದ ಚೂರು ತೆಗೆದು ಅಲ್ಲಿ ತುಂಬುವುದು ಪಕ್ಕಾ ಗೊತ್ತಿರುವ ಚಿಕಿತ್ಸೆ. ಅಪ್ಪಾರು ತಂಬಾಕು ಹಾಕುತ್ತಿದ್ದರೆ ಇವತ್ತೇ ಬಿಡಿಸಿ.