ಓದುಗರ ಪ್ರಶ್ನೆ: ಬಿಸಿಲ ಸೀಮೆಯ ವಿಮಾನದಲ್ಲಿ ಮಂಜುಗಡ್ಡೆ ಕಟ್ಟೀತೆ?

ಪ್ರಶ್ನೆ: ದಾವಣಗೆರೆಯಲ್ಲಿ ಇಪ್ಪತ್ತು ವರ್ಷಗಳಿಂದ ಬೈಕ್ ರಿಪೇರಿ ಗ್ಯಾರೇಜು ನಡೆಸುತ್ತಿದ್ದೇನೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಗೆ ನಿಯಂತ್ರಣದ ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಕಾಣುವುದೇ ಅಪರೂಪವಾಗಿದೆ. ಆದರೆ ತರಬೇತಿಯ ಸಣ್ಣ ವಿಮಾನಗಳಲ್ಲಿ ಅದು ಇಂದಿಗೂ ಇದೆಯೆಂದೂ, ಅದರೊಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ನಿಲ್ಲುವುದುಂಟೆಂದೂ ಪೈಲಟ್ ತರಬೇತಿಗೆ ಸೇರಿರುವ ನಮ್ಮ ಅಣ್ಣನ ಮಗ ಹೇಳುತ್ತಾನೆ. ನಮ್ಮಂಥ ಬಿಸಿಲಿನ ಸೀಮೆಯಲ್ಲೂ ಇದು ಸಾಧ್ಯವೇ?
– ಗ್ಯಾರೇಜ್ ಮಾಲೀಕರು, ದಾವಣಗೆರೆ

ಉತ್ತರ: ಸಾಧ್ಯ. ನಿಮ್ಮ ಅಣ್ಣನ ಮಗ ಹೇಳಿದ್ದು ಸರಿಯಾಗಿಯೇ ಇದೆ.

ನೀವು ಬಿಚ್ಚಿ ತೊಳೆಯುವ ಕಾರ್ಬುರೇಟರಿಗೂ ವಿಮಾನದ್ದಕ್ಕೂ ಮೂಲತತ್ತ್ವದಲ್ಲಿ ಭೇದವಿಲ್ಲ. ಸೆಸ್ನಾ 152 ವಿಮಾನದ ನಾಲ್ಕು ಸಿಲಿಂಡರಿನ ಲೈಕಮಿಂಗ್ ಎಂಜಿನ್ನಿನ ಅಡಿಯಲ್ಲಿ ಕೂತಿರುವ ಕಾರ್ಬುರೇಟರಿನಲ್ಲಿಯೂ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಇದೆ, ಫ್ಲೋಟ್ ಮೇಲೆದ್ದಾಗ ಪೆಟ್ರೋಲಿನ ದಾರಿಯನ್ನು ಮುಚ್ಚುವ ಸೂಜಿಯಿದೆ, ಪೆಟ್ರೋಲು ಹೊರಬರುವ ಸಣ್ಣ ತೂತಿನ ಜೆಟ್ ಇದೆ. ಸಿಲಿಂಡರುಗಳು ಎಳೆದುಕೊಳ್ಳುವ ಗಾಳಿಯು ವೆಂಚುರಿ ಎಂಬ ಕಿರಿದಾದ ಕೊರಳಿನ ಮೂಲಕ ಹಾಯುವಾಗ ಅದರ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಫ್ಲೋಟ್ ಇರುವ ಪೆಟ್ರೋಲಿನ ಬಟ್ಟಲಿನಲ್ಲಿ ಹೊರಗಿನ ಗಾಳಿಯ ಒತ್ತಡವೇ ಇರುವುದರಿಂದ, ಈ ವ್ಯತ್ಯಾಸವು ಪೆಟ್ರೋಲನ್ನು ಜೆಟ್ಟಿನಿಂದ ಮೇಲಕ್ಕೆ ದೂಡಿ ಗಾಳಿಯ ಹರಿವಿಗೆ ಸೇರಿಸುತ್ತದೆ. ಹೆಚ್ಚಿನ ಬೈಕುಗಳಲ್ಲಿ ಮೇಲೆ ಕೆಳಗೆ ಸರಿಯುವ ಸ್ಲೈಡ್ ಇದ್ದರೆ, ಇಲ್ಲಿ ವೆಂಚುರಿಯ ಆಚೆಗೆ ತಿರುಗುತ್ತ ಹರಿವನ್ನು ಹೆಚ್ಚು ಕಡಿಮೆ ಮಾಡುವ ಒಂದು ದುಂಡನೆಯ ತಗಡು, ಅಂದರೆ ಥ್ರಾಟಲ್ ಪ್ಲೇಟ್ ಇರುತ್ತದೆ. ಮಂಜು ಕಟ್ಟುವುದು ಮುಖ್ಯವಾಗಿ ಈ ತಗಡಿನ ಸುತ್ತಲೇ.

ಕಾರಣ ನಿಮ್ಮ ಕೈಗೆ ಗೊತ್ತಿದೆ. ಜೆಟ್ ತೊಳೆಯುವಾಗ ಪೆಟ್ರೋಲಿನಲ್ಲಿ ಅದ್ದಿದ ಬೆರಳನ್ನು ಹೊರಗೆ ತೆಗೆದು ಊದಿದರೆ ಬೆರಳು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ. ಪೆಟ್ರೋಲು ಆವಿಯಾಗಲು ಬೇಕಾದ ಶಾಖವನ್ನು ಬೆರಳಿನಿಂದ ಕಿತ್ತುಕೊಳ್ಳುವುದೇ ಇದಕ್ಕೆ ಕಾರಣ; ಮಣ್ಣಿನ ಮಡಕೆಯ ನೀರು ತಂಪಾಗುವುದೂ ಹೀಗೆಯೇ. ಕಾರ್ಬುರೇಟರಿನ ಕೊರಳಿನಲ್ಲಿ ಇದು ಎಡೆಬಿಡದೆ ನಡೆಯುತ್ತದೆ, ಜೊತೆಗೆ ಒತ್ತಡ ಇಳಿದ ಗಾಳಿಯೂ ತಾನಾಗಿ ತಣ್ಣಗಾಗುತ್ತದೆ. ಎರಡೂ ಸೇರಿ ಒಳಗಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕುಸಿಯಬಲ್ಲದು. ಹೊರಗೆ 20 ಡಿಗ್ರಿ ಇದ್ದು ಗಾಳಿಯಲ್ಲಿ ತೇವಾಂಶವಿದ್ದರೆ, ಆ ತೇವ ತಗಡಿನ ಅಂಚಿನಲ್ಲಿ ಮಂಜಾಗಿ ಕೂರಲು ಇಷ್ಟು ಸಾಕು. ಆದ್ದರಿಂದ ಇಲ್ಲಿ ಅಂಜಬೇಕಾದದ್ದು ಚಳಿಗಿಂತ ತೇವಕ್ಕೆ. ಏಪ್ರಿಲ್ ತಿಂಗಳ ನಮ್ಮ ಒಣ ಬಿಸಿಲಿಗಿಂತ, ಜುಲೈ–ಆಗಸ್ಟಿನಲ್ಲಿ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದ ಬೆಳಗಿನ ಹೊತ್ತು ಹೆಚ್ಚು ಅಪಾಯಕಾರಿ. ಇಳಿಯುವುದಕ್ಕಾಗಿ ಥ್ರಾಟಲ್ ತಗ್ಗಿಸಿದಾಗಲಂತೂ ತಗಡಿನ ಸುತ್ತ ಉಳಿಯುವ ಸಂದು ಬಹಳ ಕಿರಿದು. ಅದು ಕಟ್ಟಿಕೊಳ್ಳಲು ತೆಳು ಮಂಜೇ ಸಾಕು.

ಇದಕ್ಕಾಗಿ ಕಾಕ್‌ಪಿಟ್ಟಿನಲ್ಲಿ ‘ಕಾರ್ಬ್ ಹೀಟ್’ ಎಂಬ ಗುಂಡಿಯಿದೆ. ಅದನ್ನು ಎಳೆದರೆ, ಸೈಲೆನ್ಸರಿನ ಸುತ್ತ ಹೊದಿಸಿದ ತಗಡಿನ ಕವಚದೊಳಗೆ ಕಾದ ಗಾಳಿಯು ಕಾರ್ಬುರೇಟರಿಗೆ ಬರುತ್ತದೆ. ಬಿಸಿ ಗಾಳಿ ಹಗುರವಾದ್ದರಿಂದ ಎಂಜಿನ್ನಿನ ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ತುಸು ಇಳಿಯುವುದು ಸಹಜ. ಒಳಗೆ ಮಂಜಿದ್ದರೆ, ಅದು ಕರಗಿದ ನೀರನ್ನು ಎಂಜಿನ್ ನುಂಗುವಾಗ ಕೆಲವು ಕ್ಷಣ ಮುಕ್ಕರಿಸಿ ನಡುಗುತ್ತದೆ. ಹೊಸಬರು ಗಾಬರಿಗೊಂಡು ಗುಂಡಿಯನ್ನು ಮತ್ತೆ ಒಳಕ್ಕೆ ತಳ್ಳುವುದು ಇಲ್ಲಿಯೇ. ಹಾಗೆ ಮಾಡಕೂಡದು, ಎಳೆದು ಹಿಡಿದರೆ ಮಂಜು ಪೂರ್ತಿ ಕರಗಿ ಆರ್‌ಪಿಎಂ ಮೊದಲಿಗಿಂತ ಮೇಲೇರುತ್ತದೆ. ಥ್ರಾಟಲ್ ತಗ್ಗಿಸುವ ಮೊದಲೇ ಗುಂಡಿ ಎಳೆಯಬೇಕೆಂಬುದನ್ನು ನಿಮ್ಮ ಹುಡುಗನಿಗೆ ಮತ್ತೊಮ್ಮೆ ಹೇಳಿ, ಏಕೆಂದರೆ ಎಂಜಿನ್ನಿನ ವೇಗ ತಗ್ಗಿದರೆ ಸೈಲೆನ್ಸರ್ ಬೇಗನೆ ಆರಿಹೋಗುತ್ತದೆ, ಆಮೇಲೆ ಎಳೆದರೂ ಕರಗಿಸುವಷ್ಟು ಶಾಖ ಸಿಗುವುದಿಲ್ಲ. ಈ ಬಿಸಿ ಗಾಳಿ ಸಾಮಾನ್ಯವಾಗಿ ಏರ್ ಫಿಲ್ಟರಿನ ಮೂಲಕ ಬರುವುದಿಲ್ಲ. ಆದ್ದರಿಂದ ಚಳ್ಳಕೆರೆಯ ಕಡೆಯಂಥ ಧೂಳಿನ ಬಯಲಿನಲ್ಲಿ ನೆಲದ ಮೇಲಿರುವಾಗ ಅದನ್ನು ಪರೀಕ್ಷೆಗೆಂದು ಎಳೆದು ನೋಡಿ ಕೂಡಲೇ ಮುಚ್ಚುವುದು ಒಳ್ಳೆಯದು.

ಪ್ರಶ್ನೆ: ಸಣ್ಣ ವಿಮಾನಗಳಲ್ಲಿ ಥ್ರಾಟಲಿನ ಪಕ್ಕದಲ್ಲಿ ಕೆಂಪು ಗುಂಡಿಯೊಂದು ಇರುತ್ತದೆ. ಅದು ಬೈಕಿನ ಚೋಕ್ ಇದ್ದಂತೆಯೇ?
– ಡಿಪ್ಲೊಮಾ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಅಲ್ಲ, ಬಹುಮಟ್ಟಿಗೆ ಅದಕ್ಕೆ ತದ್ವಿರುದ್ಧ. ಚೋಕ್ ಎಳೆದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಈ ಕೆಂಪು ‘ಮಿಕ್ಸ್‌ಚರ್’ ಗುಂಡಿಯನ್ನು ಎಳೆದಷ್ಟೂ ಕಡಿಮೆಯಾಗುತ್ತದೆ. ಪೆಟ್ರೋಲು ಪೂರ್ತಿ ಉರಿಯಲು ಒಂದು ಗ್ರಾಂಗೆ ಸುಮಾರು 15 ಗ್ರಾಂ ಗಾಳಿ ಬೇಕು. ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದ ನಿಮ್ಮೂರಿನಲ್ಲೇ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ 7ರಷ್ಟು ಕಡಿಮೆ. 10,000 ಅಡಿ ಎತ್ತರದಲ್ಲಿ ಈ ಕೊರತೆ ಶೇ 26. ಕಾರ್ಬುರೇಟರ್ ಗಾಳಿಯ ಸೆಳೆತವನ್ನು ಬಲ್ಲದೇ ಹೊರತು ತೂಕವನ್ನು ಅರಿಯದು. ಹಾಗಾಗಿ ಮೇಲೇರಿದಂತೆ ಗಾಳಿ ತೆಳುವಾದಷ್ಟು ಪೆಟ್ರೋಲು ಇಳಿಯುವುದಿಲ್ಲ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಅತಿಯಾಗಿ ಪ್ಲಗ್ಗುಗಳಿಗೆ ಮಸಿ ಹಿಡಿದು ಎಂಜಿನ್ ಒರಟಾಗಿ ಓಡುತ್ತದೆ. ಆಗ ಪೈಲಟ್ ಆ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಎಳೆದು, ಸದ್ದು ಕೇಳುತ್ತ, ಆರ್‌ಪಿಎಂ ನೋಡುತ್ತ ಹದ ಕಂಡುಕೊಳ್ಳುತ್ತಾನೆ; ನೀವು ಬೈಕಿನ ಏರ್ ಸ್ಕ್ರೂ ತಿರುಗಿಸಿ ಟ್ಯೂನ್ ಮಾಡುವುದನ್ನು ಕಂಡಿದ್ದರೆ ಇದೂ ಅದೇ ಬಗೆಯ ಕಿವಿಯ ಕೆಲಸ.

ಅದನ್ನು ಪೂರ್ತಿ ಎಳೆದರೆ ಎಂಜಿನ್ ನಿಲ್ಲುತ್ತದೆ. ಇಂಥ ವಿಮಾನಗಳ ಎಂಜಿನ್ನನ್ನು ನಿಲ್ಲಿಸುವ ಕ್ರಮವೂ ಇದೇ. ಕೀಲಿ ತಿರುಗಿಸಿ ಆರಿಸಿದರೆ ಸಿಲಿಂಡರಿನಲ್ಲಿ ಪೆಟ್ರೋಲು ಉಳಿದಿರುತ್ತದೆ. ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋವನ್ನು ಕೀಲಿ ಆಫ್ ಮಾಡಿದಾಗ ತಡೆಯುವ ಅರ್ಥಿಂಗ್ ತಂತಿ ಕಡಿದುಹೋಗಿದ್ದು, ಯಾರಾದರೂ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದರೆ ಕೀಲಿ ಆಫ್ ಆಗಿದ್ದರೂ ಎಂಜಿನ್ ಹೊತ್ತಿಕೊಂಡೀತು. ಆದ್ದರಿಂದ ಮೊದಲು ಕೆಂಪು ಗುಂಡಿ, ಎಂಜಿನ್ ನಿಂತ ಮೇಲೆ ಕೀಲಿ.