ಕಾಫಿ ‘ಸ್ಮೆಲ್ಸ್ ನೈಸ್ಲಿ’ ಅಂದರೆ ತಪ್ಪೇಕೆ?

ಪ್ರಶ್ನೆ: ಏಳನೇ ತರಗತಿಯಲ್ಲಿರುವ ನನ್ನ ಮಗಳು ಗಾಂಧಿ ಬಜಾರಿನ ಬಗ್ಗೆ ಬರೆದ ಇಂಗ್ಲಿಷ್ ಪ್ರಬಂಧದಲ್ಲಿ ‘ದ ಕಾಫಿ ಸ್ಮೆಲ್ಸ್ ನೈಸ್ಲಿ’ ಎಂದಿದ್ದಳು. ಟೀಚರ್ ಅದನ್ನು ‘ನೈಸ್’ ಎಂದು ತಿದ್ದಿ, ಪಕ್ಕದಲ್ಲಿ ‘ಲಿಂಕಿಂಗ್ ವರ್ಬ್’ ಅಂತಷ್ಟೇ ಬರೆದಿದ್ದಾರೆ. ಕ್ರಿಯಾಪದದ ಜೊತೆ ‘ಲಿ’ ಸೇರಿದ ಪದ ಬರಬೇಕಲ್ಲವೇ ಎಂದು ಮಗಳು ಕೇಳುತ್ತಾಳೆ. ಏನು ಹೇಳಲಿ?
– ಓದುಗರು, ಬಸವನಗುಡಿ

ಉತ್ತರ: ಮಗಳು ಕೇಳಿದ್ದು ಒಳ್ಳೆಯ ಪ್ರಶ್ನೆ. ಈ ತಪ್ಪಿಗೆ ನಮ್ಮ ಕನ್ನಡವೂ ಒಂದು ಕಾರಣ. ‘ಅವಳು ಚೆನ್ನಾಗಿ ಹಾಡುತ್ತಾಳೆ’ ಅನ್ನುತ್ತೇವೆ, ‘ಕಾಫಿ ಚೆನ್ನಾಗಿದೆ’ ಅಂತಲೂ ಅನ್ನುತ್ತೇವೆ. ಎರಡು ಕಡೆಯೂ ಅದೇ ‘ಚೆನ್ನಾಗಿ’. ಇಂಗ್ಲಿಷ್ ಇವನ್ನು ಬೇರೆ ಮಾಡುತ್ತದೆ. ಹಾಡುವ ರೀತಿಗೆ ಕ್ರಿಯಾವಿಶೇಷಣ: ‘ಷಿ ಸಿಂಗ್ಸ್ ವೆಲ್’. ಕಾಫಿಯ ಗುಣಕ್ಕೆ ಗುಣವಾಚಕ: ‘ದ ಕಾಫಿ ಈಸ್ ಗುಡ್’. ಮಗಳ ವಾಕ್ಯದಲ್ಲಿ ಕಾಫಿ ತಾನಾಗಿ ಏನನ್ನೂ ಮೂಸುತ್ತಿಲ್ಲ. ಅದರ ಪರಿಮಳ ಎಂಥದ್ದು ಎಂದು ಹೇಳುತ್ತಿದ್ದೇವೆ. ‘ಸ್ಮೆಲ್ಸ್’ ಇಲ್ಲಿ ಕಾಫಿಯನ್ನೂ ಅದರ ಗುಣವನ್ನೂ ಬೆಸೆಯುವ ಕೊಂಡಿ, ಅಂದರೆ ಟೀಚರ್ ಬರೆದ ‘ಲಿಂಕಿಂಗ್ ವರ್ಬ್’. ಅದಕ್ಕೇ ಅದರ ಜೊತೆ ಗುಣವಾಚಕ ‘ನೈಸ್’ ಬರಬೇಕು.

ತೊಡಕು ಇರುವುದು ಲುಕ್, ಸ್ಮೆಲ್, ಟೇಸ್ಟ್, ಫೀಲ್ ಥರದ ಪದಗಳಲ್ಲಿ. ಅವು ಎರಡೂ ವೇಷ ಹಾಕುತ್ತವೆ. ಅಮ್ಮ ಸಾರಿನ ಉಪ್ಪು ನೋಡಿದರೆ ‘ಅಮ್ಮ ಟೇಸ್ಟೆಡ್ ದ ಸಾರು ಕೇರ್‌ಫುಲಿ’. ಅದು ಅಮ್ಮ ಮಾಡಿದ ಕೆಲಸ. ಸಾರು ಉಪ್ಪುಪ್ಪಾಗಿದ್ದರೆ ‘ದ ಸಾರು ಟೇಸ್ಟ್ಸ್ ಸಾಲ್ಟಿ’. ಗುರುತಿಸುವುದು ಸುಲಭ: ಕ್ರಿಯಾಪದ ತೆಗೆದು ಅಲ್ಲಿ ‘ಈಸ್’ ಇಟ್ಟು ನೋಡಿ. ‘ದ ಸಾರು ಈಸ್ ಸಾಲ್ಟಿ’ ಸರಿಹೋಯಿತು, ಲಿಂಕಿಂಗ್ ವರ್ಬ್. ‘ಅಮ್ಮ ಈಸ್ ದ ಸಾರು’ ಅರ್ಥವೇ ಕೆಟ್ಟಿತು, ಹಾಗಾಗಿ ಅದು ಕೆಲಸ ಹೇಳುವ ಪದ. ಹಾಗೆಯೇ ‘ಹಿ ಲುಕ್ಡ್ ಆ್ಯಂಗ್ರಿ’ ಅಂದರೆ ಅವನ ಮುಖದಲ್ಲಿ ಸಿಟ್ಟು ಕಾಣುತ್ತಿತ್ತು, ‘ಹಿ ಲುಕ್ಡ್ ಆ್ಯಂಗ್ರಿಲಿ ಅಟ್ ದ ಕಂಡಕ್ಟರ್’ ಅಂದರೆ ಕಂಡಕ್ಟರನ್ನು ಸಿಟ್ಟಿನಿಂದ ನೋಡಿದ.

ನಮ್ಮ ‘ಆಗು’ ಒಂದಕ್ಕೇ ಇಂಗ್ಲಿಷಿನಲ್ಲಿ ಬಿಕಮ್, ಗೆಟ್, ಟರ್ನ್, ಗ್ರೋ ಇವೆ, ಆ ಅರ್ಥದಲ್ಲಿ ಇವೂ ಲಿಂಕಿಂಗ್ ವರ್ಬ್‌ಗಳೇ: ಹಾಲು ಹುಳಿಯಾದರೆ ‘ದ ಮಿಲ್ಕ್ ಟರ್ನ್ಡ್ ಸೌರ್’. ಇನ್ನು ‘ಅವರು ಮೇಷ್ಟ್ರು’ ಅಂದರೆ ಕನ್ನಡದಲ್ಲಿ ಕ್ರಿಯಾಪದವಿಲ್ಲದೆಯೇ ವಾಕ್ಯ ಮುಗಿಯಿತು. ಇಂಗ್ಲಿಷಿನಲ್ಲಿ ‘ಈಸ್’ ಬಿಡುವಂತಿಲ್ಲ.

‘ವೆಲ್’ ಬಗ್ಗೆ ಒಂದು ಮಾತು. ‘ಐ ಫೀಲ್ ವೆಲ್’ ತಪ್ಪಲ್ಲ, ಆರೋಗ್ಯದ ಅರ್ಥದಲ್ಲಿ ಅದೂ ಗುಣವಾಚಕವೇ. ಟೀಚರ್ ಬರೀ ಹೆಸರು ಬರೆದು ಬಿಡದೆ ಎರಡು ಉದಾಹರಣೆ ಕೊಟ್ಟಿದ್ದರೆ ಮಗುವಿಗೆ ಗೊಂದಲ ಆಗುತ್ತಿರಲಿಲ್ಲ ಅನ್ನಿಸುತ್ತದೆ. ಅವರೆಕಾಯಿ ಕಾಲ ಬಂದಾಗ ಅದರ ಸೊಗಡನ್ನು ಮಗಳಿಗೆ ಮೂಸಲು ಕೊಟ್ಟು, ಅವಳ ಬಗ್ಗೆ ಒಂದು, ಅವರೆಕಾಯಿಯ ಬಗ್ಗೆ ಒಂದು, ‘ಸ್ಮೆಲ್’ ಇಟ್ಟು ಎರಡು ವಾಕ್ಯ ಬರೆಸಿ.