214 ಕೋಟಿ ದಾಟದ ಲೆಕ್ಕ, ಒಡೆಯದ ಸಂಖ್ಯೆ

ಪ್ರಶ್ನೆ: ನಾನು ಅಕ್ಕಿ ಗಿರಣಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ತಂತ್ರಾಂಶವು ಚೀಲಗಳ ಸಂಖ್ಯೆಯ ಜಾಗದಲ್ಲಿ 2147483647ಕ್ಕಿಂತ ದೊಡ್ಡ ಅಂಕಿಯನ್ನು ಸ್ವೀಕರಿಸುವುದಿಲ್ಲ. ಇದು ಅವಿಭಾಜ್ಯ ಸಂಖ್ಯೆಯೆಂದು ಪಿಯುಸಿ ಓದುವ ಮಗಳು ಹೇಳುತ್ತಾಳೆ. ಇದನ್ನು ಖಚಿತಪಡಿಸಿಕೊಳ್ಳುವುದು ಹೇಗೆ? ಕಂಪ್ಯೂಟರಿಗೆ ಅವಿಭಾಜ್ಯವೇ ಏಕೆ ಬೇಕಾಯಿತು?
— ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಮಗಳ ಮಾತು ನಿಜ. ಆದರೆ ಕಂಪ್ಯೂಟರಿಗೆ ಅವಿಭಾಜ್ಯದ ಹಂಗೇನೂ ಇಲ್ಲ. ಸಂಖ್ಯೆಗೆ ಮೀಸಲಾದ 32 ಬಿಟ್‌ಗಳಲ್ಲಿ (0 ಅಥವಾ 1 ಹಿಡಿಸುವ ಜಾಗಗಳಲ್ಲಿ) ಒಂದು ಧನ-ಋಣ ಚಿಹ್ನೆಗೆ ಹೋಗಿ, ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2ರ 31ನೆಯ ಘಾತಕ್ಕಿಂತ ಒಂದು ಕಡಿಮೆ, ಅಷ್ಟೆ. ಸಂಖ್ಯೆಗೆ 64 ಬಿಟ್‌ಗಳನ್ನು ಕೊಟ್ಟರೆ ಇದೇ ಮಿತಿಯು 2ರ 63ನೆಯ ಘಾತಕ್ಕಿಂತ ಒಂದು ಕಡಿಮೆಯಾಗುತ್ತದೆ. ಅದು 7ರಿಂದಲೇ ಭಾಗವಾಗುತ್ತದೆ. (ಗಂಗಾವತಿಯ ಸೋನಾ ಮಸೂರಿಗೆ ಹಳೆಯ ಮಿತಿಯೇ ಧಾರಾಳವಾಯಿತು.)

2147483647 ಅವಿಭಾಜ್ಯವೆಂದು ತೋರಿಸಿದವನು ಗಣಿತಜ್ಞ ಆಯ್ಲರ್. 1772ರಲ್ಲಿ, ದೃಷ್ಟಿ ಬಹುಪಾಲು ಹೋಗಿದ್ದ ಕಾಲದಲ್ಲಿ. ಸಂಖ್ಯೆಯೊಂದು ವಿಭಾಜ್ಯವಾಗಿದ್ದರೆ ಅದರ ವರ್ಗಮೂಲವನ್ನು ಮೀರದ ಅವಿಭಾಜ್ಯ ಭಾಜಕವೊಂದು ಇರಲೇಬೇಕು. ಇಲ್ಲಿ ವರ್ಗಮೂಲ 46340ಕ್ಕೆ ತುಸು ಹೆಚ್ಚು. ಅಷ್ಟರೊಳಗೆ ನಾಲ್ಕು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಎಲ್ಲವನ್ನೂ ಕೈಯಲ್ಲಿ ಭಾಗಿಸುವುದು ಯಾರಿಗೂ ಬೇಡದ ಕೆಲಸ. ಆದರೆ ಘಾತಾಂಕವಾದ 31 ಸ್ವತಃ ಅವಿಭಾಜ್ಯವಾದ್ದರಿಂದ, ಭಾಜಕವೇನಾದರೂ ಇದ್ದರೆ ಅದನ್ನು 62ರಿಂದ ಭಾಗಿಸಿದಾಗ 1 ಉಳಿಯಬೇಕು. ಜೊತೆಗೆ 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಈ ಎರಡು ನಿಬಂಧನೆಗಳನ್ನು ಕೂಡಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಸುವ ಅವಿಭಾಜ್ಯಗಳನ್ನು ಮಾತ್ರ ಪರೀಕ್ಷಿಸಿದರೆ ಸಾಕು. ಅವು ನೂರಕ್ಕೂ ಕಡಿಮೆ. ಮೊದಲನೆಯದು 311, ಅನಂತರ 1303, ಆಮೇಲೆ 1489. ಮಗಳೊಡನೆ 311ರಿಂದಲೇ ಆರಂಭಿಸಿ: ಭಾಗಲಬ್ಧ 6905092, ಶೇಷ 35. ಕೊನೆಯವರೆಗೂ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ.

ಪ್ರಶ್ನೆ: ಘಾತಾಂಕ ಅವಿಭಾಜ್ಯವಾಗಿದ್ದರೆ, 2ರ ಆ ಘಾತಕ್ಕಿಂತ ಒಂದು ಕಡಿಮೆಯಿರುವ ಸಂಖ್ಯೆಯೂ ಅವಿಭಾಜ್ಯವಾಗಲೇಬೇಕೆ?
— ಶಿಕ್ಷಕಿ, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಆಗಬೇಕಿಲ್ಲ. ಘಾತಾಂಕ 11 ಆದಾಗ ಸಿಗುವ 2047 ಎಂಬುದು 23 ಮತ್ತು 89ರ ಗುಣಲಬ್ಧ. ಬೆಸ ಅವಿಭಾಜ್ಯ ಘಾತಾಂಕಗಳಿಗೆ ಲ್ಯೂಕಾ-ಲೆಮರ್ ಪರೀಕ್ಷೆ ಇದೆ: 4ರಿಂದ ಆರಂಭಿಸಿ, ಪ್ರತಿ ಸಲವೂ ವರ್ಗ ಮಾಡಿ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ತರಗತಿಗೆ ಘಾತಾಂಕ 5ರಿಂದ ಸಿಗುವ 31 ಒಳ್ಳೆಯ ಉದಾಹರಣೆ: 4, 14, 8, 0. 2024ರ ಅಕ್ಟೋಬರಿನಲ್ಲಿ ಪ್ರಕಟವಾದ, 136279841 ಘಾತಾಂಕದ, 4,10,24,320 ಅಂಕಿಗಳ ಅವಿಭಾಜ್ಯವನ್ನು ದೃಢಪಡಿಸಲು ಬಳಸಿದ್ದೂ ಇದೇ ಪರೀಕ್ಷೆಯನ್ನು.

ನನಗೆ ಇದರಲ್ಲಿ ಅಚ್ಚರಿಯೆನಿಸುವುದು, ಭಾಜಕಗಳನ್ನು ಕಾಣದೆಯೇ ಸಂಖ್ಯೆ ವಿಭಾಜ್ಯವೆಂದು ಇಂಥ ಪರೀಕ್ಷೆ ಹೇಳಿಬಿಡುತ್ತದೆ ಎಂಬುದು. ಘಾತಾಂಕ 67ರ ಸಂಖ್ಯೆ ಅವಿಭಾಜ್ಯವಲ್ಲವೆಂದು ಲ್ಯೂಕಾ 1876ರಲ್ಲೇ ತೋರಿಸಿದ್ದ. ಅದು 193707721 ಮತ್ತು 761838257287ರ ಗುಣಲಬ್ಧವೆಂದು ಫ್ರ್ಯಾಂಕ್ ನೆಲ್ಸನ್ ಕೋಲ್ ಪ್ರಕಟಿಸಿದ್ದು 1903ರಲ್ಲಿ.